ಹಕ್ಕಿಗೆ ವರ್ಷಕ್ಕೆಷ್ಟು ಸೂಜಿ

ಆ ಬೀದಿಯಲ್ಲಿ ಅವರಿಗೆ ತಕ್ಕಡಿ ಮಾವ ಅಂತಲೇ ಹೆಸರು. ಯಾರಿಗೆ ಮಾವ, ಯಾವ ಕಡೆಯಿಂದ ಮಾವ ಅಂತ ಕೇಳಿದರೆ ಒಬ್ಬರಿಗೂ ಗೊತ್ತಿಲ್ಲ. ನಲವತ್ತೊಂದು ವರ್ಷ ಅಂಗಡಿ ಅಂಗಡಿ ಅಲೆದು ತಕ್ಕಡಿ ರಿಪೇರಿ ಮಾಡಿದ ಮನುಷ್ಯ. ತರಕಾರಿಯವಳ ನೇತಾಡುವ ತಕ್ಕಡಿ, ಚಿನ್ನದಂಗಡಿಯ ಗಾಜಿನ ಪೆಟ್ಟಿಗೆಯೊಳಗಿನ ತಕ್ಕಡಿ, ಗೋದಾಮಿನಲ್ಲಿ ಮೂಟೆ ತೂಗುವ ಕಬ್ಬಿಣದ ಹಲಗೆ, ಹೆರಿಗೆ ಆಸ್ಪತ್ರೆಯಲ್ಲಿ ಆಗ ತಾನೇ ಹುಟ್ಟಿದ ಕೂಸನ್ನು ಮಲಗಿಸುವ ತಟ್ಟೆ, ಎಲ್ಲದರ ತಿರುಪನ್ನೂ ಅವರು ಒಂದಲ್ಲ ಒಂದು ಸಲ ತಿರುಗಿಸಿದವರೇ. ಊರವರನ್ನೆಲ್ಲ ತೂಗಿದವರಿಗೆ ಊರೆಲ್ಲ ನೆಂಟರಾಗದೆ ಇನ್ನೇನು!

ಕೆಲಸ ಕಲಿಯಲು ಬಂದವರಿಗೆಲ್ಲ ಅವರು ಮೊದಲ ದಿನವೇ ಹೇಳುತ್ತಿದ್ದದ್ದು ಒಂದೇ ಮಾತು: "ಮೊದಲು ಕಲ್ಲು ಇಡು, ಆಮೇಲೆ ತಿರುಪು ಮುಟ್ಟು." ಕಲ್ಲು ಅಂದರೆ ತೂಕದ ಕಲ್ಲು, ಹೆಸರಿಗೆ ಕಲ್ಲು, ಮೈಯೆಲ್ಲ ಕಬ್ಬಿಣ. ತಕ್ಕಡಿ ತಪ್ಪು ತೋರಿಸುತ್ತಿದೆ ಅಂತ ಯಾರಾದರೂ ಹೇಳಿದರೆ ಅವರ ಬಾಯಿಮಾತು ನಂಬಬೇಡ, ಸರ್ಕಾರಿ ಮುದ್ರೆ ಬಿದ್ದ ಕಲ್ಲನ್ನಿಟ್ಟು ನೋಡು, ಆಮೇಲೆ ಕೈ ಹಾಕು ಅಂತ ಅದರ ಅರ್ಥ. ಈ ಮಾತನ್ನು ಅವರು ಎಷ್ಟು ಸಲ ಹೇಳಿದ್ದರೋ ಲೆಕ್ಕವಿಲ್ಲ. ಹೇಳುವುದು ಸುಲಭ.

ಈಗ ಕೈಕಾಲು ಮೊದಲಿನಂತೆ ಓಡುವುದಿಲ್ಲವಾದ್ದರಿಂದ ಮನೆಯ ಮುಂದಿನ ಕೋಣೆಯಲ್ಲೇ ಒಂದು ಮೇಜು, ಒಂದು ಇಕ್ಕಳ, ಒಂದು ದೀಪ ಇಟ್ಟುಕೊಂಡಿದ್ದರು. ರಿಪೇರಿಗೆ ಬರುತ್ತಿದ್ದದ್ದು ವಾರಕ್ಕೊಂದು ತಕ್ಕಡಿ, ಅದೂ ಬಂದರೆ ಬಂತು. ಮಿಕ್ಕ ಹೊತ್ತಿನಲ್ಲಿ ಅವರಿಗೆ ಜೊತೆ ಅಂದರೆ ಜುಟ್ಟಪ್ಪ.

ಜುಟ್ಟಪ್ಪ ಮುಷ್ಟಿಗಾತ್ರದ ಗಿಳಿ. ಬೂದು ಮೈ, ಹಳದಿ ಜುಟ್ಟು, ಎರಡೂ ಕೆನ್ನೆಗೆ ಯಾರೋ ಬೆರಳಲ್ಲಿ ಇಟ್ಟ ಹಾಗೆ ಕೇಸರಿ ಬೊಟ್ಟು. ಮಾತು ಬಾರದು, ಶಿಳ್ಳೆ ಮಾತ್ರ. ಕುಕ್ಕರಿನ ಶಿಳ್ಳೆಯನ್ನು ಎಷ್ಟು ಚೆನ್ನಾಗಿ ಕಲಿತಿತ್ತೆಂದರೆ ಮಾವನ ಹೆಂಡತಿ ಎಷ್ಟೋ ಸಲ ಬೇಯದ ಅಕ್ಕಿಯನ್ನು ಇಳಿಸಿದ್ದರು. ಬೀದಿಯವರ ಪಾಲಿಗೆ ಅವರು ಅತ್ತೆ. ಅತ್ತೆಗೂ ಜುಟ್ಟಪ್ಪನಿಗೂ ಇದ್ದ ನಂಟನ್ನು ಹೇಳಬೇಕಾದರೆ ಅದಕ್ಕಿಂತ ಮೊದಲಿದ್ದ ಹಸಿರು ಗಿಳಿಯ ಕಥೆ ಹೇಳಬೇಕು.

ಆ ಹಸಿರು ಗಿಳಿ ಒಂದು ಸಂಜೆ ಅತ್ತೆಯ ಕೈಯಿಂದ ಕಾಳು ತಿಂದು, ಹೆಗಲ ಮೇಲೆ ಕೂತು, ಕಿವಿ ಕಚ್ಚಿ, ಗೂಡಿಗೆ ಹೋಗಿ ಮಲಗಿತು. ಬೆಳಗ್ಗೆ ನೋಡಿದರೆ ಗೂಡಿನ ತಳದಲ್ಲಿ ಬಿದ್ದಿತ್ತು. ಹಕ್ಕಿಗಳ ಡಾಕ್ಟರಮ್ಮ ನೋಡಿ, "ತುಂಬ ದಿನದಿಂದ ಕಾಯಿಲೆ ಇತ್ತು. ಹಕ್ಕಿಗಳು ಕೊನೇವರೆಗೂ ತೋರಿಸಿಕೊಳ್ಳಲ್ಲ," ಅಂದರು. ಅತ್ತೆ ಎರಡು ದಿನ ಒಲೆ ಹಚ್ಚಲಿಲ್ಲ. "ನನ್ನ ಹೆಗಲ ಮೇಲೆ ಕೂತಿದ್ದಾಗಲೇ ಸಾಯ್ತಾ ಇತ್ತಲ್ರೀ, ನನಗೆ ಗೊತ್ತೇ ಆಗಲಿಲ್ಲವಲ್ಲ," ಅಂತ ಅದೊಂದೇ ಮಾತು. ವರ್ಷದ ಮೇಲೆ ಮಗಳು ಜುಟ್ಟಪ್ಪನನ್ನು ತಂದುಕೊಟ್ಟಾಗ ಅತ್ತೆ ಗೂಡಿನ ಬಾಗಿಲು ತೆಗೆಯುವ ಮೊದಲೇ ಗಂಡನಿಗೆ ಹೇಳಿದ್ದರು: "ಇದೂ ಹಾಗೆ ಹೋದರೆ ನಾನು ಮತ್ತೆ ಏಳಲ್ಲ. ಈಗಲೇ ಹೇಳಿರ್ತೀನಿ."

ಮಾವನಿಗೆ ಹೆಂಡತಿಯ ಮಾತು ಗೊತ್ತು. ಅವರು ಬೆದರಿಸುವ ಜಾತಿಯಲ್ಲ, ಹೇಳಿದರೆ ಹೇಳಿದ ಹಾಗೇ.

ಹೀಗಾಗಿ ಸೂಜಿಯ ಜಗಳ ಶುರುವಾಯಿತು. ಮೊದಲ ಸಲ ಜುಟ್ಟಪ್ಪನ ರಕ್ತ ಪರೀಕ್ಷೆ ಆಗಿ ಎಲ್ಲ ಸರಿಯಿದೆ ಅಂತ ಬಂದ ದಿನವೇ ಅತ್ತೆ ಕೇಳಿದರು, "ಮತ್ತೆ ಮುಂದಿನ ತಿಂಗಳು ಬರ್ಲಾ?" ಎದುರು ಮನೆ ನರ್ಸಮ್ಮ, ದೊಡ್ಡಾಸ್ಪತ್ರೆಯಲ್ಲಿ ಮೂವತ್ತು ವರ್ಷ ಕೆಲಸ ಮಾಡಿದವರು, "ನಮ್ಮಲ್ಲಿ ಸಕ್ಕರೆ ಕಾಯಿಲೆಯವರಿಗೆ ಮೂರು ತಿಂಗಳಿಗೊಂದು ಸಲ. ಹಕ್ಕಿಗೂ ಹಾಗೇ ಇಟ್ಕೊಳ್ಳಿ," ಅಂತ ತೀರ್ಪು ಕೊಟ್ಟುಬಿಟ್ಟರು. ಜುಟ್ಟಪ್ಪನಿಗೆ ಸಕ್ಕರೆ ಕಾಯಿಲೆ ಇರಲಿಲ್ಲ ಅನ್ನುವುದು ಅವರ ಮಟ್ಟಿಗೆ ಸಣ್ಣ ವಿಷಯ.

ಮಾವ ಬೇಡ ಅಂದರು. ಅವರು ಬೇಡ ಅಂದದ್ದಕ್ಕೆ ಕಾರಣವಿತ್ತು. ಪರೀಕ್ಷೆಯಿಂದ ಬಂದ ಜುಟ್ಟಪ್ಪ ಎರಡು ದಿನ ರೆಕ್ಕೆ ಉಬ್ಬಿಸಿಕೊಂಡು ಮೂಲೆಯಲ್ಲಿ ಕೂತು ತನ್ನ ಎದೆಯ ಪುಕ್ಕವನ್ನು ತಾನೇ ಕಿತ್ತುಕೊಂಡಿತ್ತು. ಅಲ್ಲದೆ ಲೆಕ್ಕ ಅನ್ನುವುದೊಂದಿದೆ. ಇಡೀ ಹಕ್ಕಿಯೇ ತೊಂಬತ್ತೆರಡು ಗ್ರಾಂ. ಒಂದು ಸಣ್ಣ ಸೋಪಿಗೂ ಅಷ್ಟು ತೂಕ ಇರುತ್ತದೆ. ಅದರಲ್ಲಿ ರಕ್ತ ಎಷ್ಟಿದ್ದೀತು?

"ಹತ್ತರಲ್ಲೊಂದು ಪಾಲಿಗಿಂತ ಕಮ್ಮಿ," ಅಂದರು ಡಾಕ್ಟರಮ್ಮ, ಇಬ್ಬರೂ ಜಗಳ ಹೊತ್ತುಕೊಂಡು ಹೋಗಿ ಕೇಳಿದಾಗ. ವಯಸ್ಸಿನಲ್ಲಿ ಮಗಳಿಗಿಂತ ಚಿಕ್ಕವರು, ಆದರೆ ಕೇಳಿದ್ದಕ್ಕೆ ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಉತ್ತರ ಕೊಡುವವರಲ್ಲ. "ನಾನು ತಗೊಳ್ಳೋದು ನಾಲ್ಕು ಹನಿ. ಅಷ್ಟರಿಂದ ಏನೂ ಆಗಲ್ಲ. ಆದರೆ ಹಿಡಿಯೋವಾಗ ಆಗೋ ಗಾಬರಿ ಇದೆಯಲ್ಲ, ಅದು ಸಣ್ಣದಲ್ಲ. ಎಳೇ ವಯಸ್ಸಿನ ಹಕ್ಕಿ, ಆರೋಗ್ಯವಾಗಿದೆ, ವರ್ಷಕ್ಕೊಂದು ಸಲ ಸಾಕು. ವಯಸ್ಸಾದ ಮೇಲೆ ಎರಡು ಸಲ ಮಾಡೋಣ. ಕಾಯಿಲೆ ಅಂತ ಅನುಮಾನ ಬಂದರೆ ಆವತ್ತೇ. ಅದಕ್ಕೆ ಪಂಚಾಂಗ ನೋಡೋ ಹಾಗಿಲ್ಲ."

"ಅನುಮಾನ ಬರೋದು ಹೇಗೆ? ಅವು ತೋರಿಸಿಕೊಳ್ಳಲ್ಲ ಅಂತ ನೀವೇ ಹೇಳಿದ್ರಿ," ಅತ್ತೆ ಬಿಡಲಿಲ್ಲ.

ಡಾಕ್ಟರಮ್ಮ ಮೇಜಿನ ಮೇಲಿದ್ದ ತಕ್ಕಡಿಯನ್ನು ತೋರಿಸಿದರು. "ಮುಖ ತೋರಿಸಲ್ಲ, ತೂಕ ತೋರಿಸುತ್ತೆ. ದಿನಾ ಒಂದೇ ಹೊತ್ತಿಗೆ, ತಿನ್ನೋ ಮೊದಲು ತೂಗಬೇಕು. ಜನ ಎರಡು ವಾರ ತೂಗಿ ಬಿಟ್ಟುಬಿಡ್ತಾರೆ."

ಮಾವನ ಕಿವಿ ನೆಟ್ಟಗಾಯಿತು. ನಲವತ್ತೊಂದು ವರ್ಷದಲ್ಲಿ ಅವರ ವಿದ್ಯೆಯನ್ನು ಯಾರೂ ಇಷ್ಟು ನೇರವಾಗಿ ಕರೆದಿರಲಿಲ್ಲ. ಮನೆಗೆ ಬರುವ ದಾರಿಯಲ್ಲೇ ಹೆಂಡತಿಗೆ ಮಾತು ಕೊಟ್ಟರು. "ಸೂಜಿ ವರ್ಷಕ್ಕೊಂದು. ಮಿಕ್ಕ ಮುನ್ನೂರ ಅರವತ್ತನಾಲ್ಕು ದಿನ ನಂದು. ಮೂರು ಗ್ರಾಂ ಇಳಿದರೆ ಆ ಕ್ಷಣ ಡಾಕ್ಟರ ಹತ್ತಿರ ಓಡೋಣ."

"ಮಾತು ತಪ್ಪಿದರೆ?"

"ನಾನು ತಪ್ಪಬಹುದು ಕಣೇ, ನನ್ನ ತಕ್ಕಡಿ ತಪ್ಪಲ್ಲ."

ಅತ್ತೆ ಸೆರಗು ಸರಿಮಾಡಿಕೊಂಡು ಮುಂದೆ ನಡೆದರು. ಒಪ್ಪಿದರು ಅಂತ ಮಾವ ತಿಳಿದುಕೊಂಡರು.

ಅಂಚೆ ಕಚೇರಿಯವರು ಎಸೆದಿದ್ದ, ಕಾಗದ ತೂಗುವ ಹಳೇ ಮುಳ್ಳಿನ ತಕ್ಕಡಿಯೊಂದು ಅವರ ಹತ್ತಿರ ಇತ್ತು. ಅದರ ತಟ್ಟೆಯನ್ನು ಕಳಚಿ, ಆ ಜಾಗಕ್ಕೆ ನಯವಾದ ಮರದ ಕಡ್ಡಿಯೊಂದನ್ನು ಕೂರಿಸಿ, ಕಡ್ಡಿಯ ಭಾರ ಕಳೆದು ಮುಳ್ಳು ಸೊನ್ನೆಗೆ ಬರುವಂತೆ ಹದಮಾಡಿದರು. ಅಡುಗೆಮನೆಯ ಕಿಟಕಿಯ ಹತ್ತಿರ ಅದಕ್ಕೊಂದು ಜಾಗ. ಬೆಳಗ್ಗೆ ಆರೂವರೆಗೆ ಗೂಡಿನ ಬಟ್ಟೆ ತೆಗೆದರೆ ಜುಟ್ಟಪ್ಪ ತಾನೇ ಹಾರಿ ಹೋಗಿ ಕಡ್ಡಿಯ ಮೇಲೆ ಕೂತು, ದೊಡ್ಡ ಸಾಹೇಬರ ಹಾಗೆ ಜುಟ್ಟು ಎತ್ತಿ, ಮುಳ್ಳು ನಿಲ್ಲುವವರೆಗೂ ಕಾಯುತ್ತಿತ್ತು. ಮಾವ ಪುಸ್ತಕದಲ್ಲಿ ಬರೆಯುತ್ತಿದ್ದರು. ತೊಂಬತ್ತೆರಡು. ತೊಂಬತ್ತೆರಡು. ತೊಂಬತ್ತೊಂದೂವರೆ. ತೊಂಬತ್ತೆರಡು. ಜ್ವರ ಬಂದು ಮಲಗಿದ ದಿನವೂ ಕಂಬಳಿ ಹೊದ್ದುಕೊಂಡು ಬಂದು ಬರೆದರು. ವರ್ಷದ ಸೂಜಿ ಬಂತು, ಎಲ್ಲ ಸರಿಯಿದೆ ಅಂತ ವರದಿಯೂ ಬಂತು. ಅದಾಗಿ ಐದು ತಿಂಗಳು, ಮುಳ್ಳು ಅಲ್ಲೇ. ಗೋಡೆಗೆ ಹೊಡೆದ ಮೊಳೆಯಾದರೂ ಅಲ್ಲಾಡೀತು, ಜುಟ್ಟಪ್ಪನ ತೂಕ ಅಲ್ಲಾಡದು ಅಂತ ಮಾವ ಎಲ್ಲರಿಗೂ ಹೇಳಿಕೊಂಡು ತಿರುಗಿದರು. ನರ್ಸಮ್ಮನಿಗೆ ವಾರಕ್ಕೆರಡು ಸಲ ಹೇಳಿದರು.

ಒಂದು ಸೋಮವಾರ ಬೆಳಗ್ಗೆ ಮುಳ್ಳು ಎಂಬತ್ತೆಂಟಕ್ಕೆ ನಿಂತಿತು.

ಮಾವ ತಕ್ಕಡಿಯನ್ನು ಬೆರಳಿನಿಂದ ತಟ್ಟಿದರು. ಎಂಬತ್ತೆಂಟು. ಜುಟ್ಟಪ್ಪನನ್ನು ಇಳಿಸಿದರು, ಮುಳ್ಳು ಸೊನ್ನೆಗೆ ಸರಿಯಾಗಿ ಬಂತು. ಹತ್ತಿಸಿದರು, ಮತ್ತೆ ಎಂಬತ್ತೆಂಟು. ಹಿಂದಿನ ದಿನ ತೊಂಬತ್ತೊಂದೂವರೆ ಇದ್ದ ಹಕ್ಕಿ ಒಂದೇ ದಿನದಲ್ಲಿ ಇಷ್ಟು ಇಳಿಯುವುದುಂಟೇ? ಹಕ್ಕಿ ಶಿಳ್ಳೆ ಹಾಕುತ್ತಿತ್ತು, ಕಣ್ಣು ಹೊಳೆಯುತ್ತಿತ್ತು. ವಾರದಿಂದ ಥಂಡಿ ಗಾಳಿ ಬೇರೆ. ಹಳೇ ಸ್ಪ್ರಿಂಗು, ಥಂಡಿಗೆ ಬಿಗಿದುಕೊಂಡಿದೆ, ಅಷ್ಟೇ. ನಲವತ್ತೊಂದು ವರ್ಷ ಕೆಟ್ಟ ತಕ್ಕಡಿಗಳನ್ನೇ ನೋಡಿದ ಕಣ್ಣಿಗೆ ಎಲ್ಲೆಲ್ಲೂ ಕೆಟ್ಟ ತಕ್ಕಡಿಯೇ ಕಾಣುವುದು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇಲ್ಲಿ ಹಕ್ಕಿ ಸೊರಗಿದರೆ ಇವರು ತಕ್ಕಡಿ ಡೊಂಕು ಅಂದರು.

ಮುಂದಿನ ಕೋಣೆಯ ಮೇಜಿನ ಮೇಲೆ ಮುದ್ರೆ ಬಿದ್ದ ಕಲ್ಲುಗಳು ಸಾಲಾಗಿ ಬಿದ್ದಿದ್ದವು. ಅಡುಗೆಮನೆಯಿಂದ ಅಲ್ಲಿಗೆ ಹನ್ನೊಂದು ಹೆಜ್ಜೆ. ಮಾವ ಆ ಹನ್ನೊಂದು ಹೆಜ್ಜೆ ಹಾಕಲಿಲ್ಲ. ವರ್ಷದ ಮೇಲಾಯಿತು ಒಂದೇ ತೂಕ, ಜುಟ್ಟಪ್ಪನಿಗಿಂತ ನಂಬಿಕೆಯ ಕಲ್ಲು ಬೇಕೇ ಅಂದುಕೊಂಡು, ಹಕ್ಕಿಯನ್ನು ಕಡ್ಡಿಯ ಮೇಲೆ ಕೂರಿಸಿಯೇ ತಕ್ಕಡಿಯ ಹಿಂದೆ ಸ್ಪ್ರಿಂಗಿನ ಬಿಗಿ ಹೊಂದಿಸುವ ತಿರುಪನ್ನು ಕಾಲು ಸುತ್ತು ತಿರುಗಿಸಿದರು. ಮುಳ್ಳು ತೊಂಬತ್ತೆರಡಕ್ಕೆ ಬಂತು. ಪುಸ್ತಕದಲ್ಲಿ ತೊಂಬತ್ತೆರಡು ಅಂತ ಬರೆದು, ಕೈ ತೊಳೆದುಕೊಂಡು, ಕಾಫಿ ಕುಡಿದರು.

ಯಾವ ಕಲಿಯುವವನಾದರೂ ಅವರೆದುರು ಹೀಗೆ ಮಾಡಿದ್ದರೆ ಆವತ್ತೇ ಮನೆಗೆ ಕಳಿಸಿಬಿಡುತ್ತಿದ್ದರು.

ಬುಧವಾರ ಮುಳ್ಳು ತೊಂಬತ್ತು ಅಂತು. ಈಗ ಮಾವನಿಗೆ ತಕ್ಕಡಿಯ ಮೇಲೆ ಕೋಪ ಬಂತು. ಅದನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಹೋಗಿ ರಿಪೇರಿ ಮೇಜಿನ ಮೇಲಿಟ್ಟರು. ಕಡ್ಡಿಯ ಮೇಲೆ ಒಂದು ರಟ್ಟು ಕೂರಿಸಿ, ರಟ್ಟಿನ ಭಾರ ಕಳೆದು, ಅದರ ಮೇಲೆ ನೂರು ಗ್ರಾಂ ಕಲ್ಲು ಇಟ್ಟರು. ಮುಳ್ಳು ನೂರನ್ನು ದಾಟಿ, ನೂರ ನಾಲ್ಕನ್ನೂ ದಾಟಿ ನಿಂತಿತು.

ಒಂದು ಕ್ಷಣ ಅವರಿಗೆ ಏನೂ ಹೊಳೆಯಲಿಲ್ಲ. ಕಲ್ಲು ತೆಗೆದು ಮತ್ತೆ ಇಟ್ಟರು, ಮುಳ್ಳು ಅಲ್ಲಿಗೇ ಬಂದಾಗ ಹೊಳೆಯಿತು. ತಕ್ಕಡಿ ಕಮ್ಮಿ ತೋರಿಸುತ್ತಿರಲಿಲ್ಲ. ಸೋಮವಾರ ಅದು ನಿಜವನ್ನೇ ಹೇಳಿತ್ತು. ಸುಳ್ಳು ಹೇಳುವಂತೆ ಅದರ ಕಿವಿ ಹಿಂಡಿದವರು ಇವರೇ. ಇವತ್ತಿನ ತೊಂಬತ್ತು ನಿಜಕ್ಕೂ ಎಂಬತ್ತಾರು.

ಇನ್ನೂ ಒಂದು ಆಸೆ. ಕಲ್ಲೇ ಬೇರೆಯದ್ದಿರಬಹುದೇ? ಮುದ್ರೆ ನೋಡಲು ಕಲ್ಲನ್ನು ತಿರುಗಿಸಿದರು. ಕಬ್ಬಿಣದ ಕಲ್ಲುಗಳ ತಳದಲ್ಲಿ ಒಂದು ಗುಳಿ ಇರುತ್ತದೆ. ತೂಕ ಸರಿದೂಗಿಸಲು ಅದರಲ್ಲಿ ಸೀಸ ತುಂಬಿ, ಆ ಮೆತ್ತನೆಯ ಸೀಸದ ಮೇಲೆಯೇ ತಪಾಸಣೆಯವರು ಮುದ್ರೆ ಒತ್ತುತ್ತಾರೆ. ಮಾವ ನೋಡಿದಾಗ ಮುದ್ರೆ ಅರ್ಧ ಇರಲಿಲ್ಲ. ಕಪ್ಪುಗಟ್ಟಿದ ಸೀಸದ ಅಂಚಿನಲ್ಲಿ ಹೊಸದಾಗಿ ಹೊಳೆಯುವ ಕಚ್ಚುಗಳು, ಪುಟ್ಟ ಪುಟ್ಟ ಅರ್ಧಚಂದ್ರಗಳು. ಪಕ್ಕದ ಇನ್ನೂರು ಗ್ರಾಂ ಕಲ್ಲಿನಲ್ಲೂ ಅದೇ. ದಿನಾ ಮಧ್ಯಾಹ್ನ ಜುಟ್ಟಪ್ಪನನ್ನು ಮೇಜಿನ ಮೇಲೆ ಆಡಲು ಬಿಟ್ಟು, ತಾವು ದೀಪದ ಕೆಳಗೆ ತಲೆ ಬಗ್ಗಿಸಿ ಕೆಲಸ ಮಾಡುತ್ತಿದ್ದವರು ಯಾರು? ಇವರೇ. ಸೀಸ ವಿಷ ಅಂತ ಕೆಲಸ ಕಲಿಯುವವರಿಗೆಲ್ಲ ಕೈ ತೊಳೆಸಿ ಊಟಕ್ಕೆ ಕೂರಿಸುತ್ತಿದ್ದವರು ಯಾರು? ಅದೂ ಇವರೇ. ದೀಪದ ಬುಡದಲ್ಲೇ ಕತ್ತಲು.

ಇನ್ನು ಹೆಂಡತಿಗೆ ಹೇಳಬೇಕು. ಮೊದಲು ಡಾಕ್ಟರ ಹತ್ತಿರ ಹೋಗಿಬಂದು ಆಮೇಲೆ ಹೇಳಿದರಾಯಿತು ಅಂತ ಒಂದು ಯೋಚನೆ ಬಂತು. ಬಂದದ್ದಕ್ಕೆ ನಾಚಿಕೆಯಾಯಿತು. ಕಲ್ಲನ್ನು ಕೈಯಲ್ಲಿ ಹಿಡಿದುಕೊಂಡೇ ಅಡುಗೆಮನೆಗೆ ಹೋದರು. ಹನ್ನೊಂದು ಹೆಜ್ಜೆ ಅಷ್ಟು ದೂರ ಅಂತ ಅವರಿಗೆ ಗೊತ್ತಿರಲಿಲ್ಲ.

"ಸೋಮವಾರವೇ ಇಳಿದಿತ್ತು," ಅಂದರು. "ನಾನು ತಕ್ಕಡಿ ತಪ್ಪು ಅಂದ್ಕೊಂಡು ತಿರುಪು ತಿರುಗಿಸಿದೆ. ಜುಟ್ಟಪ್ಪ ಇದನ್ನ ಕಚ್ಚಿದೆ ನೋಡು. ಸೀಸ. ಎಲ್ಲ ನನ್ನಿಂದಲೇ ಆದದ್ದು."

ಅತ್ತೆ ಕಲ್ಲನ್ನು ನೋಡಿದರು, ಗಂಡನ ಮುಖ ನೋಡಿದರು. ಬೈಗುಳ ಬರುತ್ತದೆ ಅಂತ ಮಾವ ಕಾದರು, ಬಂದಿದ್ದರೆ ಚೆನ್ನಾಗಿತ್ತು. ಅತ್ತೆ ಒಲೆ ಆರಿಸಿದರು, ಗೂಡಿಗೆ ಬಟ್ಟೆ ಹೊದಿಸಿದರು, ಚಪ್ಪಲಿ ಮೆಟ್ಟಿದರು.

"ಪುಸ್ತಕ ತಗೊಳ್ಳಿ. ಆ ಕಲ್ಲನ್ನೂ ತಗೊಳ್ಳಿ. ನಡೀರಿ."

ಡಾಕ್ಟರಮ್ಮ ಪುಸ್ತಕವನ್ನು ಹಿಂದಿನಿಂದ ಮುಂದಕ್ಕೆ ತಿರುವಿದರು. ಸೋಮವಾರದ ಸುಳ್ಳು ತೊಂಬತ್ತೆರಡನ್ನು ಮಾವ ತಾವೇ ಬೆರಳಿಟ್ಟು ತೋರಿಸಿ, ನಿಜವಾದ ತೂಕ ಹೇಳಿದರು. ಡಾಕ್ಟರಮ್ಮ ಕಲ್ಲಿನ ತಳವನ್ನು ದೀಪಕ್ಕೆ ಹಿಡಿದು ನೋಡಿ ಸೂಜಿ ತೆಗೆದುಕೊಂಡರು. ಜುಟ್ಟಪ್ಪ ಕಚ್ಚಲು ನೋಡಿತು, ಆದರೆ ಎಂದಿನ ಪಟ್ಟು ಅದರ ಕೊಕ್ಕಿನಲ್ಲಿ ಇರಲಿಲ್ಲ. ನಾಲ್ಕು ಹನಿ. ವರದಿ ಬರಲು ಎರಡು ದಿನ ಬೇಕಿತ್ತು. ಅಷ್ಟು ಹೊತ್ತು ಕಾಯುವುದಿಲ್ಲ ಅಂತ ಸೀಸ ಹೊರಹಾಕುವ ಔಷಧಿಯ ಮೊದಲ ಇಂಜೆಕ್ಷನ್ನನ್ನು ಆಗಲೇ ಕೊಟ್ಟರು.

"ಉಳಿಯುತ್ತಾ?" ಅಂತ ಅತ್ತೆ ಕೇಳಿದರು.

"ಇಂಥ ಹಕ್ಕಿಗಳು ನನ್ನ ಹತ್ತಿರ ಬರೋದು ಗೂಡಿನ ತಳಕ್ಕೆ ಬಿದ್ದ ಮೇಲೆ. ಇದು ಇನ್ನೂ ನಿಂತ್ಕೊಂಡು ನನ್ನ ಬೆರಳು ಕಚ್ಚೋಕೆ ನೋಡ್ತಾ ಇದೆ. ಕೈಲಾದ್ದೆಲ್ಲ ಮಾಡೋಣ."

"ತಿಂಗಳಿಗೊಂದು ಸಲ ರಕ್ತ ನೋಡಿದ್ದಿದ್ದರೆ ಮೊದಲೇ ಸಿಗ್ತಿತ್ತಲ್ವಾ?" ಈ ಪ್ರಶ್ನೆ ಬಂದೇ ಬರುತ್ತದೆ ಅಂತ ಮಾವನಿಗೆ ಗೊತ್ತಿತ್ತು. ನೆಲ ನೋಡುತ್ತ ನಿಂತರು.

ಡಾಕ್ಟರಮ್ಮ ತಲೆ ಅಲ್ಲಾಡಿಸಿದರು. "ಮಾಮೂಲಿ ಪರೀಕ್ಷೇಲಿ ಸೀಸ ಹುಡುಕೋದೇ ಇಲ್ಲಮ್ಮ. ಹುಡುಕದೆ ಇರೋದು ಸಿಗಲ್ಲ. ತಿಂಗಳ ಸೂಜಿ ಇನ್ನೂ ಹದಿನೈದು ದಿನ ದೂರ ಇದ್ದರೆ? ವರ್ಷದ್ದಕ್ಕೆ ಇನ್ನೂ ಏಳು ತಿಂಗಳಿದೆ. ಇವತ್ತು ಇದನ್ನ ಇಲ್ಲಿಗೆ ಕರೆದುಕೊಂಡು ಬಂದಿದ್ದು ಈ ಪುಸ್ತಕ. ಎರಡು ದಿನ ತಡವಾಗಿ, ಹೌದು. ಆದರೆ ಬಂತು."

ಮುಂದಿನ ಹತ್ತು ದಿನ ಆ ಮನೆಯಲ್ಲಿ ಬೇರೆ ಮಾತಿರಲಿಲ್ಲ. ದಿನಕ್ಕೆರಡು ಸಲ ಇಂಜೆಕ್ಷನ್. ಮಾವನನ್ನು ಆಚೆ ಸರಿಸಿ ಅತ್ತೆ ತಾವೇ ಕಲಿತರು. ನರ್ಸಮ್ಮ ಎರಡು ದಿನ ಪಕ್ಕದಲ್ಲಿ ನಿಂತು ಹೇಳಿಕೊಟ್ಟು, ಮೂರನೇ ದಿನ "ನನಗಿಂತ ಚೆನ್ನಾಗಿ ಚುಚ್ತೀರಿ" ಅಂತ ಹೊರಟುಹೋದರು. ಮುಂದಿನ ಕೋಣೆಯ ಸೀಸವನ್ನೆಲ್ಲ, ಕಲ್ಲು, ಚೂರು, ಪುಡಿ, ಒಂದೂ ಬಿಡದೆ ಮಾವ ಕಬ್ಬಿಣದ ಪೆಟ್ಟಿಗೆಗೆ ತುಂಬಿ ಬೀಗ ಜಡಿದರು. ಮೇಜನ್ನು ಮೂರು ಸಲ ತೊಳೆದರು. ಚಿನ್ನದಂಗಡಿಯವರನ್ನು ಕೇಳಿ ಸೀಸವಿಲ್ಲದ ಹಿತ್ತಾಳೆಯ ಕಲ್ಲು ತಂದು ತಕ್ಕಡಿಯನ್ನು ಸರಿಮಾಡಿದರು. ಅಂದಿನಿಂದ ಪ್ರತಿ ಬೆಳಗ್ಗೆ ಮೊದಲು ಕಲ್ಲು, ಆಮೇಲೆ ಹಕ್ಕಿ.

ಎಂಬತ್ತಾರು. ಎಂಬತ್ತೈದು. ಆ ಎಂಬತ್ತೈದರ ದಿನ ಜುಟ್ಟಪ್ಪ ಶಿಳ್ಳೆ ಹಾಕಲಿಲ್ಲ, ಮನೆಯಲ್ಲಿ ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಮರುದಿನವೂ ಎಂಬತ್ತೈದು. ಅದರ ಮರುದಿನ ಎಂಬತ್ತೈದೂವರೆ. ಅರ್ಧ ಗ್ರಾಂ! ಲಾರಿಗಟ್ಟಲೆ ತೂಗಿದ ಮನುಷ್ಯ ಅರ್ಧ ಗ್ರಾಂಗೆ ಬೀದಿಗೆ ಓಡಿಹೋಗಿ ಎದುರು ಮನೆ ಬಾಗಿಲು ಬಡಿದರು. ನರ್ಸಮ್ಮ ಯಾರಿಗೇನಾಯಿತೋ ಅಂತ ಹಲ್ಲುಜ್ಜುತ್ತಲೇ ಓಡಿಬಂದರು.

ಎಂಬತ್ತೇಳು. ಎಂಬತ್ತೊಂಬತ್ತು. ಸೀಸ ಎಷ್ಟು ಉಳಿದಿದೆ ನೋಡಲು ಮತ್ತೆ ಸೂಜಿ ಬೇಕಾಯಿತು. ಮೊದಲು ತಿಂಗಳಿಗೊಂದು ಕೇಳುತ್ತಿದ್ದ ಅತ್ತೆ ಈಗ, "ಇನ್ನೊಂದು ವಾರ ತಡೀರಿ, ತೊಂಬತ್ತು ದಾಟಲಿ, ಆಮೇಲೆ ತಗೊಳ್ಳಿ," ಅಂತ ಡಾಕ್ಟರಿಗೇ ವಾದ ಹಾಕಿದರು. ಡಾಕ್ಟರಮ್ಮ ಪುಸ್ತಕ ನೋಡಿ ಒಪ್ಪಿದರು. ತೊಂಬತ್ತೊಂದರ ದಿನ ನಾಲ್ಕು ಹನಿ ಕೊಟ್ಟು ಬಂದರು. ಎರಡು ದಿನದ ಮೇಲೆ ಫೋನು ಬಂತು. ಸೀಸ ಹೆಚ್ಚುಕಡಿಮೆ ಇಲ್ಲವೇ ಇಲ್ಲ, ಇನ್ನು ಇಂಜೆಕ್ಷನ್ ಬೇಡ ಅಂದರು. ಮಾವ ಫೋನು ಇಟ್ಟು ಅಲ್ಲೇ ಕುರ್ಚಿಯಲ್ಲಿ ಕೂತು ಮಕ್ಕಳ ಹಾಗೆ ಅತ್ತರು. ಅತ್ತೆ ನಗುತ್ತಿದ್ದರು. ಒಳಗೆ ಕುಕ್ಕರು ಮೂರು ಶಿಳ್ಳೆ ಹೊಡೆಯಿತು, ಒಲೆಯ ಮೇಲೆ ನೋಡಿದರೆ ಕುಕ್ಕರೇ ಇರಲಿಲ್ಲ.

ಸುದ್ದಿ ಹರಡಿತು. ಡಾಕ್ಟರಮ್ಮನೇ ಹರಡಿದರು ಅನ್ನಿ. ತಮ್ಮ ಹತ್ತಿರ ಬರುವ ಹಕ್ಕಿಯವರನ್ನೆಲ್ಲ ಮಾವನ ಮನೆಗೆ ಕಳಿಸತೊಡಗಿದರು. ಮೂಲೆ ಸೇರಿದ್ದ ಮುಳ್ಳಿನ ತಕ್ಕಡಿಗಳೆಲ್ಲ ಧೂಳು ಕೊಡವಿಕೊಂಡು ಎದ್ದವು; ಒಂದೊಂದಕ್ಕೂ ಮರದ ಕಡ್ಡಿ, ಒಂದೊಂದರ ಜೊತೆಗೂ ಒಂದು ಪುಟ್ಟ ಹಿತ್ತಾಳೆಯ ಕಲ್ಲು. ವಾರಕ್ಕೊಂದು ತಕ್ಕಡಿಯ ಮನೆಯಲ್ಲಿ ಈಗ ದಿನಕ್ಕೆ ನಾಲ್ಕು ಜನ. ಬಂದವರಿಗೆಲ್ಲ ಮಾವ ತಮ್ಮ ತಪ್ಪಿನ ಕಥೆಯನ್ನೇ ಮೊದಲು ಹೇಳುತ್ತಿದ್ದರು, ಸೋಮವಾರದ ತಿರುಪಿನಿಂದ ಶುರುಮಾಡಿ ಒಂದಕ್ಷರ ಬಿಡದೆ. "ಹೇಳ್ಕೊಂಡು ತಿರುಗೋ ವಿಷಯವೇನ್ರೀ ಅದು," ಅಂತ ಅತ್ತೆ ಒಳಗಿನಿಂದ ಕೂಗಿದರೂ ಬಿಡುತ್ತಿರಲಿಲ್ಲ.

ಏಳು ತಿಂಗಳು ಕಳೆದು ವರ್ಷದ ಸೂಜಿ ಬಂತು. ಅತ್ತೆ, ಮಾವ, ಗೂಡು, ಪುಸ್ತಕ, ನಾಲ್ವರೂ ಹೋದರು. ರಕ್ತದಲ್ಲಿ ಯಾವ ಕೊರತೆಯೂ ಕಾಣಲಿಲ್ಲ. ಡಾಕ್ಟರಮ್ಮ ಕಾರ್ಡು ತೆಗೆದು ಪೆನ್ನು ಬಿಚ್ಚಿದರು. ಅತ್ತೆಯ ಹಳೇ ಭಯ ಅವರಿಗೆ ಮರೆತಿರಲಿಲ್ಲ.

"ನಿಮಗೆ ಧೈರ್ಯ ಬರುತ್ತೆ ಅಂದರೆ ಇನ್ಮೇಲೆ ಆರು ತಿಂಗಳಿಗೊಂದು ಸಲ ಮಾಡೋಣ. ನೀವೇ ಹೇಳಿ, ಎಷ್ಟಕ್ಕೆ ಬರೀಲಿ?"

ಮಾವ ಪುಸ್ತಕ ಮುಚ್ಚಿ ಕಂಕುಳಲ್ಲಿಟ್ಟುಕೊಂಡರು. ಆರು ತಿಂಗಳು ಅಂದರೆ ಅನ್ನಲಿ, ಅಷ್ಟು ಹೇಳುವ ಹಕ್ಕು ಅವಳಿಗಿದೆ ಅಂದುಕೊಂಡರು.

ಅತ್ತೆ ಗೂಡಿನ ಬಟ್ಟೆ ಸರಿಪಡಿಸುತ್ತ, ತಲೆ ಎತ್ತದೆಯೇ ಹೇಳಿದರು. "ವರ್ಷಕ್ಕೆ ಒಂದೇ ಸಾಕು ಡಾಕ್ಟ್ರೇ. ಮಿಕ್ಕ ದಿನಕ್ಕೆ ನಮ್ಮನೆಯವರಿದ್ದಾರೆ."

ಡಾಕ್ಟರಮ್ಮ ಹಾಗೇ ಬರೆದುಕೊಂಡರು. ಮಾವ ಗೂಡನ್ನು ಎತ್ತಿಕೊಳ್ಳಲು ಹೋದರು, ಆದರೆ ಕಣ್ಣು ಮಂಜಾಗಿ ಹಿಡಿ ಕೈಗೆ ಸಿಗಲಿಲ್ಲ. ಅತ್ತೆಯೇ ಎತ್ತಿ ಅವರ ಕೈಗೆ ಕೊಟ್ಟರು.